ಕೋಟಿನೊಳಗಿನ ಚೆಂಡು

ನನ್ನ ಗಂಡ ವಾಟ್ ನನಗೆ ಮಾತು ಕೊಟ್ಟಿದ್ದ. ಈ ಸಲ ಚೆಂಡಾಟ ಆಡುವುದಿಲ್ಲ, ಪೇಟೆಯ ಕಲ್ಲುಕಂಬದ ಮೆಟ್ಟಿಲ ಮೇಲೆ ನಿಂತು ನೋಡುತ್ತೇನೆ, ಅಷ್ಟೇ ಎಂದಿದ್ದ.

ಹೊಸ ವರ್ಷ ಕಳೆದ ಮೇಲೆ ಒಂದು ದಿನ, ಯಾರದೋ ಕುರಿಹೊಲಕ್ಕೆ ಗೋಡೆ ಕಟ್ಟುತ್ತಿದ್ದವನು ಎತ್ತಿಕೊಂಡ ಕಲ್ಲನ್ನು ಹಾಗೆಯೇ ಕೆಳಗಿಟ್ಟು ಒದ್ದೆ ಹುಲ್ಲಿನ ಮೇಲೆ ಕುಳಿತುಬಿಟ್ಟಿದ್ದ. ಊರಿನ ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ ನೋಡಿ, ದೊಡ್ಡಾಸ್ಪತ್ರೆಗೆ ಬರೆದು ಹಾಕಿದರು. ಅಲ್ಲಿಂದ ಕರೆ ಬರುವವರೆಗೆ ಭಾರ ಎತ್ತಬಾರದು, ಗುಡ್ಡ ಹತ್ತಬಾರದು. ನೋವು ಬಂದರೆ ನಾಲಿಗೆಯ ಕೆಳಗೆ ಚಿಮ್ಮಿಸಿಕೊಳ್ಳಲು ಒಂದು ಸಣ್ಣ ಕೆಂಪು ಬಾಟಲಿ ಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡರೆ ಜನ ನೋಡುತ್ತಾರೆ ಎಂಬುದು ವಾಟ್‌ನ ತಕರಾರು. ಹಾಗಾಗಿ ಅದು ನನ್ನ ಜೇಬಿನಲ್ಲಿರುತ್ತಿತ್ತು. ದಿನಕ್ಕೆ ಎಷ್ಟೋ ಸಲ ನಾನು ಜೇಬಿಗೆ ಕೈ ಹಾಕಿ ಅದು ಇದೆಯೇ ಎಂದು ಮುಟ್ಟಿ ನೋಡುತ್ತಿದ್ದೆ.

ವರ್ಷಕ್ಕೊಮ್ಮೆ ಊರಿಗೆ ಊರೇ ಆಡುವ ಚೆಂಡಿನ ದಿನ ಬೆಳಗ್ಗೆಯಿಂದಲೇ ಕೆಲ್‌ಹೋಪ್ ಪೇಟೆಯ ಅಂಗಡಿಗಳ ಗಾಜಿಗೆಲ್ಲ ಹಲಗೆ ಹೊಡೆದಾಗಿತ್ತು. ಫೆಬ್ರವರಿಯ ಗಾಳಿ ಬೆಟ್ಟದ ಕಡೆಯಿಂದ ಬೀದಿಯುದ್ದಕ್ಕೂ ಇಳಿದು ಬರುತ್ತಿತ್ತು. ನಮ್ಮ ಬೀದಿ ಇಳಿಜಾರು. ತುದಿಯಲ್ಲಿ ಹಳೆಯ ಕೋಟೆ, ಬುಡದಲ್ಲಿ, ಮನೆಗಳ ಹಿಂದಿನಿಂದ ಹರಿದು ಬರುವ ಹೊಳೆಗೆ ಕಟ್ಟಿದ ಸೇತುವೆ ಮತ್ತು ಅದರ ಪಕ್ಕದಲ್ಲೇ ಹೊಳೆ ಸೇರುವ ಒಂದು ತೊರೆ. ಚೆಂಡನ್ನು ಕೋಟೆಯ ಗೋಡೆಗೆ ಮುಟ್ಟಿಸಿದರೆ ಮೇಲ್ಪೇಟೆ ಗೆದ್ದಂತೆ, ತೊರೆ ದಾಟಿಸಿದರೆ ಕೆಳಪೇಟೆ. ಒದೆಯುವಂತಿಲ್ಲ, ಕೈಯಲ್ಲೇ ಸಾಗಿಸಬೇಕು. ಉಳಿದಂತೆ ನಿಯಮವೆಂಬುದು ಹೆಚ್ಚೇನೂ ಇಲ್ಲ. ಚೆಂಡೂ ದೊಡ್ಡದಲ್ಲ, ಚರ್ಮದೊಳಗೆ ಪಾಚಿ ತುರುಕಿ ಹೊಲಿದು ಬಣ್ಣದ ರಿಬ್ಬನ್ ಕಟ್ಟಿದ, ಮುಷ್ಟಿಗಿಂತ ಸ್ವಲ್ಪ ದಪ್ಪನೆಯ ಗುಂಡು. ಅಂಗಿಯೊಳಗೆ ಬಚ್ಚಿಟ್ಟರೆ ಗೊತ್ತಾಗುವುದಿಲ್ಲ. ಇಲ್ಲಿನವರು ನಿಜವಾಗಿ ಆಡುವುದೇ ಆ ಬಚ್ಚಿಡುವ ಆಟ. ನೂರು ಗಂಡಸರು ಒಂದೇ ಮುದ್ದೆಯಾಗಿ ತಳ್ಳಾಡುತ್ತಿರುವಾಗ ಚೆಂಡು ಆ ಮುದ್ದೆಯೊಳಗೆ ಇಲ್ಲದೆಯೂ ಇರಬಹುದು.

"ಏನೇ ಲೈಬ್ರರಿಯಮ್ಮ, ನಿನ್ನ ಕಡೆಯವರು ಇವತ್ತು ಗಂಜಿ ಕುಡೀದೇ ಬಂದ ಹಾಗಿದೆಯಲ್ಲ," ಎಂದಳು ನೆಟ್ಟಿ, ವಾಟ್‌ನ ಅಕ್ಕ. ಇಬ್ಬರೂ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದೆವು. ಅವಳ ಕೈಯಲ್ಲಿ ಫ್ಲಾಸ್ಕ್, ಅದರಲ್ಲಿದ್ದದ್ದು ಚಹಾ ಮಾತ್ರ ಅಲ್ಲ.

"ನನಗೆ ಕಡೆ ಅಂತ ಯಾವುದೂ ಇಲ್ಲ ನೆಟ್ಟಿ."

"ಇಲ್ಲದೆ ಏನು? ಸೇತುವೆ ದಾಟಿ ಬಂದೋಳು ನೀನು. ನನ್ನ ತಮ್ಮನ ಹಾಸಿಗೇಲಿ ಮಲಗಿದ ಮಾತ್ರಕ್ಕೆ ಮೇಲ್ಪೇಟೆಯವಳಾಗ್ತೀಯಾ?"

ಅದು ಹಳೆಯ ಗೇಲಿ. ಊರಲ್ಲಿ ಹುಟ್ಟಿದವರು ಯಾವ ಪೇಟೆಯಲ್ಲಿ ಹುಟ್ಟಿದರೋ ಆ ಪೇಟೆಯವರು. ಹೊರಗಿನಿಂದ ಬಂದವರು ಮೊದಲ ಸಲ ಯಾವ ದಾರಿಯಲ್ಲಿ ಊರೊಳಗೆ ಕಾಲಿಟ್ಟರೋ ಆ ದಾರಿಯ ಪೇಟೆಯವರು. ಮದುವೆಗೆ ಮುಂಚೆ ವಾಟ್ ನನ್ನನ್ನು ಎಡಿನ್‌ಬರೋದಿಂದ ತನ್ನ ವ್ಯಾನಿನಲ್ಲಿ ಕರೆತಂದ ದಿನ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ, ಬೆಟ್ಟದ ದಾರಿಯಿಂದ ಸುತ್ತಿ ಹೋಗೋಣವೇ ಎಂದು ಕೇಳಿದ. ನನಗೆ ದಾರಿಯುದ್ದಕ್ಕೂ ವಾಂತಿಯಾಗಿತ್ತು. ಇದೆಂಥ ಹುಚ್ಚು, ಮನೆ ಕಣ್ಣೆದುರಿಗೇ ಇದೆಯಲ್ಲ ಎಂದೆ. ಅವನು ನಿಟ್ಟುಸಿರು ಬಿಟ್ಟು ಸೇತುವೆ ದಾಟಿಸಿದ. ಆವತ್ತಿನಿಂದ ನಾನು ಕೆಳಪೇಟೆಯವಳು. ಮೇಲ್ಪೇಟೆಯ ಮುಂದಾಳು ವಾಟ್ ಟೆಲ್ಫರ್ ಕೆಳಪೇಟೆಯವಳನ್ನು ಕಟ್ಟಿಕೊಂಡ ಎಂಬುದು ಹೋಟೆಲಿನಲ್ಲಿ ಇನ್ನೂ ತಮಾಷೆಯ ಮಾತು.

"ನಿನ್ನ ತಮ್ಮ ಎಲ್ಲಿ?" ಎಂದೆ.

"ಅಲ್ಲೇ ಇದಾನಲ್ಲ, ಕಲ್ಲುಕಂಬದ ಮೆಟ್ಟಿಲ ಮೇಲೆ. ಎಷ್ಟು ಸಲ ಕೇಳ್ತೀಯೇ? ಓಡಿಹೋಗೋ ವಯಸ್ಸಾ ಅವನದು?"

ಅಲ್ಲೇ ಇದ್ದ. ಕೈಗಳು ಜೇಬಿನಲ್ಲಿದ್ದವು. ಕೆಳಗೆ ಮನುಷ್ಯರ ಮುದ್ದೆ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತಿತ್ತು. ಕೊಟ್ಟಿಗೆಯ ಬಾಗಿಲು ತೆಗೆದಂತೆ ಅದರೊಳಗಿಂದ ಹಬೆ ಏಳುತ್ತಿತ್ತು. ಅದು ದಿನದ ಕೊನೆಯ ಚೆಂಡು. ಬೆಳಗ್ಗಿನಿಂದ ಎರಡೂ ಕಡೆಯವರು ಸಮಸಮ ಗೆದ್ದಿದ್ದರು. ಮೇಲ್ಪೇಟೆಯ ಹುಡುಗರಲ್ಲಿ ಅರ್ಧ ಜನ ಫ್ಲೂ ಹಿಡಿದು ಮಲಗಿದ್ದರಿಂದ ಮುದ್ದೆ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಜಾರುತ್ತಿತ್ತು. ಬೇಕರಿಯ ಮುಂದೆ ಇದ್ದದ್ದು ಔಷಧಿ ಅಂಗಡಿಗೆ ಬಂತು.

ವಾಟ್ ಕೈಗಳನ್ನು ಜೇಬಿನಿಂದ ಹೊರಗೆ ತೆಗೆದ.

ನಾನು ಅವನ ಕೈಗಳನ್ನೇ ನೋಡಿದೆ. ಅವನು ಟೋಪಿ ತೆಗೆದು ಬೆಲ್ಟಿಗೆ ಸಿಕ್ಕಿಸಿಕೊಂಡ. ಒಂದು ಮೆಟ್ಟಿಲು ಇಳಿದ. ಮೇಲ್ಪೇಟೆಯವರು ಯಾರೋ, "ವಾಟ್ ಬರ್ತಿದಾನೆ! ದಾರಿ ಬಿಡ್ರೋ!" ಎಂದು ಕೂಗಿದರು. ನೆಟ್ಟಿ ಕೂಡ ಪಕ್ಕದಲ್ಲಿ ಕಿರುಚಿದಳು, ಸಂತೋಷಕ್ಕೆ.

"ನೆಟ್ಟಿ, ಅವನಿಗೆ ಹೇಳು. ಡಾಕ್ಟರು ಏನಂದಿದ್ದಾರೆ ಗೊತ್ತಲ್ಲ ನಿನಗೆ."

"ಒಂದೇ ಒಂದು ತಳ್ಳು ಕಣೆ. ನಮ್ಮಪ್ಪ ಎಪ್ಪತ್ತಕ್ಕೂ ಆಡ್ತಿದ್ದ."

ನಾನು ಮೆಟ್ಟಿಲಿಳಿದು ಗುಂಪಿನ ಅಂಚಿಗೆ ಓಡುವಷ್ಟರಲ್ಲಿ ಅವನ ಬಿಳಿ ತಲೆ ಬೆನ್ನುಗಳ ನಡುವೆ ಮುಳುಗಿಹೋಗಿತ್ತು. ವಾಟ್, ವಾಟ್ ಎಂದು ಕರೆದೆ. ಅಲ್ಲಿ ಎಲ್ಲರೂ ಅವನ ಹೆಸರನ್ನೇ ಕೂಗುತ್ತಿದ್ದರು.

ಗೋಡೆಗೆ ಅಂಟಿಕೊಂಡು ಮುದ್ದೆಯ ಜೊತೆಯಲ್ಲೇ ನಡೆದೆ. ಆಗಾಗ ಅವನು ಕಾಣುತ್ತಿದ್ದ, ಕಿವಿ, ಕತ್ತು, ಒಂದು ಭುಜ. ಮುಖ ಕೆಂಪಗಿದ್ದರೆ ಸರಿ, ಬಿಳುಚಿದರೆ ಅಪಾಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಹಬೆಯಲ್ಲಿ ಬಣ್ಣ ಯಾವುದೆಂದು ಹೇಳುವುದು ಹೇಗೆ? ಯಾರಾದರೂ ಸಿಕ್ಕಿಬಿದ್ದರೆ "ಆಳು ಬಿದ್ದ" ಎಂದು ಕೂಗಬೇಕು, ಕೂಗಿದ ತಕ್ಷಣ ಎಲ್ಲರೂ ಬಿಡಿಸಿಕೊಂಡು ನಿಲ್ಲಬೇಕು. ನಮ್ಮಲ್ಲಿದ್ದ ಒಂದೇ ಒಂದು ಕಟ್ಟುನಿಟ್ಟು ಅದು. ಹೋದ ವರ್ಷ ಮೇಲ್ಪೇಟೆಯ ಯಾವನೋ ಸುಳ್ಳೇ ಹಾಗೆ ಕೂಗಿ, ಎಲ್ಲರೂ ನಿಂತಾಗ ಚೆಂಡನ್ನು ಕೋಟೆಗೆ ಸಾಗಿಸಿಬಿಟ್ಟ. ಆಮೇಲೆ ಬಹಳ ಜಗಳವಾಯಿತು. ಈಗ ಆ ಕೂಗಿಗೆ ಮೊದಲಿನ ಬೆಲೆ ಉಳಿದಿಲ್ಲ.

ಓಣಿಯೊಂದರ ಬಾಯಿಗೆ ಬಂದಾಗ ಯಾರೋ ಬೆನ್ನು ಹಾಕಿಕೊಂಡೇ ಬಂದು ನನ್ನನ್ನು ಗೋಡೆಗೆ ಒತ್ತಿದರು. ಕಸಾಯಿ ಅಂಗಡಿಯ ಡಾಡ್ ಲೇಡ್ಲಾ, ಕೆಳಪೇಟೆಯ ಮುಂದಾಳು, ವಾಟ್‌ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ತುಟಿ ಒಡೆದಿತ್ತು. ಮುಖ ಬೀದಿಯ ಕಡೆಗಿತ್ತು, ಕೈ ಮಾತ್ರ ಹಿಂದಕ್ಕೆ ಬಂದು ನನ್ನ ಕೋಟಿನೊಳಗೆ ಬೆಚ್ಚಗಿನ, ಒದ್ದೆಯಾದ, ಗಟ್ಟಿಯಾದ ಏನನ್ನೋ ತುರುಕಿತು.

"ಗುಂಡಿ ಹಾಕ್ಕೋ," ಎಂದ ತುಟಿ ಅಲ್ಲಾಡಿಸದೆ.

"ಡಾಡ್, ನಾನು..."

"ಸೇತುವೆ ದಾಟಿ ಬಂದೋಳಲ್ವಾ ನೀನು? ಸುಮ್ಮನೆ ನಡಿ. ಬ್ರೆಡ್ ತರೋಕೆ ಹೊರಟ ಹಾಗೆ. ನಿನ್ನನ್ನ ಯಾರೂ ಮುಟ್ಟಲ್ಲ, ನೀನು ವಾಟ್‌ನ ಹೆಂಡ್ತಿ." ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಅಯ್ಯೋ ದೇವರೇ, ಅವನ ಮುಖ ನೋಡ್ಬೇಕು ನಾನು ಆಮೇಲೆ!"

ಅಷ್ಟು ಹೇಳಿ ಮತ್ತೆ ಮುದ್ದೆಯ ಮೇಲೆ ಬಿದ್ದು, ಚೆಂಡು ಇನ್ನೂ ಅಲ್ಲೇ ಇದೆ ಎನ್ನುವಂತೆ ಬೈಯತೊಡಗಿದ.

ನಾನು ಅದನ್ನು ಹೊರಗೆಸೆಯಬಹುದಿತ್ತು. ಎಸೆಯಲಿಲ್ಲ. ಆಟದ ಆಸೆಯಿಂದಲ್ಲ. ಚೆಂಡು ತೊರೆ ದಾಟಿದ ಕ್ಷಣ ಆಟ ಮುಗಿಯುತ್ತದೆ, ಆಟ ಮುಗಿದರೆ ವಾಟ್ ಆ ಮುದ್ದೆಯಿಂದ ಹೊರಗೆ ಬರುತ್ತಾನೆ. ನನ್ನ ಲೆಕ್ಕ ಅಷ್ಟೇ. ಗುಂಡಿ ಹಾಕಿಕೊಂಡೆ. ಮೊಣಕೈಯಿಂದ ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿದು ಇಳಿಜಾರಿನಲ್ಲಿ ನಡೆಯತೊಡಗಿದೆ. ಬ್ರೆಡ್ ತರಲು ಹೊರಟವರು ಹೇಗೆ ನಡೆಯುತ್ತಾರೆ ಎಂಬುದು ಮಾತ್ರ ಆಗ ಏನು ಮಾಡಿದರೂ ನೆನಪಾಗಲಿಲ್ಲ.

ಅಂಚೆ ಕಚೇರಿಯ ಮುಂದೆ ಮೇಲ್ಪೇಟೆಯ ಹೆಂಗಸರು ಮೂರ್ನಾಲ್ಕು ಜನ ಅಡ್ಡ ನಿಂತು, ಕೆಳಗೆ ಹೋಗುವವರ ಚೀಲ ಕೋಟುಗಳನ್ನು ತಡವಿ ನೋಡುತ್ತಿದ್ದರು. ಒಬ್ಬಳು ನನ್ನ ತೋಳು ಹಿಡಿದಳು.

"ಕೋಟು ಬಿಚ್ಚಮ್ಮ."

"ಚಳಿ," ಎಂದೆ. 

"ಚಳಿ ಎಲ್ಲರಿಗೂ ಇದೆ. ಬಿಚ್ಚು."

"ಏ, ಬಿಡೇ," ಎಂದಳು ಇನ್ನೊಬ್ಬಳು. "ಅದು ವಾಟ್‌ನ ಹೆಂಡ್ತಿ. ಪಾಪ, ಅವನು ಒಳಗೆ ಇಳಿದಾಗಿನಿಂದ ಬೆಕ್ಕಿನ ಹಾಗೆ ಸುತ್ತುತಾ ಇದೆ. ಹೋಗಮ್ಮ, ಎಲ್ಲಾದ್ರೂ ಕೂತು ಬಿಸಿ ಏನಾದ್ರೂ ಕುಡಿ. ಹೊಟ್ಟೆ ನೋವಾ?"

"ಹೌದು," ಎಂದೆ. ಅದು ನಿಜವೇ ಆಗಿತ್ತು.

ದಾಟಿದೆ. ಸೇತುವೆ ಕಾಣುತ್ತಿತ್ತು, ಅದರ ಪಕ್ಕದಲ್ಲಿ ತೊರೆಯ ಕಪ್ಪು ಗೆರೆ. ಇನ್ನು ಓಡಬಹುದೇನೋ ಎಂದುಕೊಳ್ಳುತ್ತಿದ್ದಾಗ ಹಿಂದೆ ಕೂಗು ಎದ್ದಿತು. ಅದುವರೆಗಿನ ಕೂಗಲ್ಲ, ಬೇಟೆನಾಯಿಗಳಿಗೆ ವಾಸನೆ ಸಿಕ್ಕಾಗಿನ ಕೂಗು. ನನ್ನನ್ನು ಕಂಡುಹಿಡಿದರು ಎಂದುಕೊಂಡು ತಿರುಗಿದೆ.

ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಮೇಲಕ್ಕೆ ನೋಡುತ್ತಿದ್ದರು. ಮುದ್ದೆಯ ಒಂದು ಬದಿಯಿಂದ ವಾಟ್ ಹೊರಗೆ ಬಂದಿದ್ದ. ಒಬ್ಬನೇ. ಬೆನ್ನು ಬಾಗಿಸಿ, ಎರಡೂ ತೋಳುಗಳನ್ನು ಎದೆಗೆ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ ಗೋಡೆ ಹಿಡಿದು ಮೇಲಕ್ಕೆ ನಡೆಯುತ್ತಿದ್ದ. ನಮ್ಮ ಮನೆಯ ಕಡೆಗೆ. ಕೋಟೆಯೂ ಆ ಕಡೆಗೇ.

ಬೇರೆ ಯಾವ ಊರಿನಲ್ಲಾದರೂ ಒಬ್ಬ ವಯಸ್ಸಾದ ಮನುಷ್ಯ ಎದೆ ಹಿಡಿದುಕೊಂಡು ಬಾಗಿ ನಡೆದರೆ ಜನ ಕುರ್ಚಿ ತಂದುಕೊಡುತ್ತಾರೆ. ಕೆಲ್‌ಹೋಪ್‌ನಲ್ಲಿ, ಚೆಂಡಿನ ದಿನ, ಹಾಗೆ ನಡೆಯುವವನ ಅಂಗಿಯೊಳಗೆ ಏನಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

"ವಾಟ್ ಹತ್ರ ಇದೆ! ಹಿಡೀರಿ ಅವನನ್ನ!"

ಕೆಳಪೇಟೆಯವರು ಓಡಿದರು. ಅದನ್ನು ಕಂಡು ಮೇಲ್ಪೇಟೆಯವರು ತಮ್ಮ ಮುಂದಾಳನ್ನು ಕಾಯಲು ಅವರಿಗಿಂತ ಜೋರಾಗಿ ಓಡಿದರು. ಮೊದಲು ಮೂವರು ಅವನ ಮೇಲೆ ಬಿದ್ದರು, ಆಮೇಲೆ ಹತ್ತು ಜನ, ಆಮೇಲೆ ಎಣಿಸುವಂತಿರಲಿಲ್ಲ. ಅವನು ಔಷಧಿ ಅಂಗಡಿಯ ಪಕ್ಕದ ಬಾಗಿಲಿಗೆ ಒರಗಿದ್ದು ಕಂಡಿತು, ಮತ್ತೆ ಕಾಣಲಿಲ್ಲ.

ಮೇಲಕ್ಕೆ ಓಡಿದೆ. ಇಳಿಜಾರು ಅಷ್ಟು ಕಡಿದು ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಅದೇ ಹೆಂಗಸರು ದಾರಿ ಬಿಟ್ಟರು. "ಆಳು ಬಿದ್ದ! ಆಳು ಬಿದ್ದ!" ಎಂದು ಕೂಗುತ್ತಲೇ ಓಡಿದೆ.

"ಈ ವರ್ಷವೂ ಅದೇ ನಾಟಕಾನಾ?" ಎಂದ ಕೆಳಪೇಟೆಯ ಒಬ್ಬ ದಢೂತಿ ಯುವಕ, ನನ್ನತ್ತ ತಿರುಗಿ. ಟ್ಯಾಮ್ ಹಿಸ್ಲಪ್ ಎಂದು ಅವನ ಹೆಸರು. ಚಿಕ್ಕವನಿದ್ದಾಗ ಲೈಬ್ರರಿಗೆ ಬಂದು ಡೈನೊಸಾರ್ ಪುಸ್ತಕಗಳನ್ನೇ ಮತ್ತೆ ಮತ್ತೆ ಒಯ್ಯುತ್ತಿದ್ದ.

"ಟ್ಯಾಮ್, ಅವನಿಗೆ ಎದೆನೋವು. ಹೃದಯದ ತೊಂದರೆ ಇದೆ ಅವನಿಗೆ. ಚೆಂಡು ಅವನ ಹತ್ರ ಇಲ್ಲ!"

"ಹೌದ್ಹೌದು. ಗಂಡ ಬಚ್ಚಿಟ್ಟಿದಾನೆ, ಹೆಂಡ್ತಿ ಇಲ್ಲ ಅಂತಾಳೆ. ಸ್ವಲ್ಪ ಸರೀರಿ ಆಂಟಿ, ಕಾಲು ತುಳಿದುಬಿಟ್ಟೇವು." ಮರ್ಯಾದೆಯಿಂದಲೇ ನನ್ನನ್ನು ಎರಡೂ ಭುಜ ಹಿಡಿದು ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಬೆನ್ನುಗಳ ಮೇಲೆ ಬಿದ್ದ.

ನಾನು ಒಂದು ಜಾಕೆಟ್ ಹಿಡಿದು ಎಳೆದೆ. ಇನ್ನೊಂದನ್ನು ಎಳೆದೆ. ಬಿಸಿ ಗೋಡೆಯನ್ನು ಎಳೆದ ಹಾಗಿತ್ತು. ಒಳಗಿನಿಂದ ವಾಟ್‌ನ ದನಿ ಬರಲಿಲ್ಲ. ಅವನ ದನಿ ಎಂಥದ್ದೆಂದರೆ, ಬೆಟ್ಟದ ಆ ಬದಿಯಿಂದ ನಾಯಿಯನ್ನು ಕರೆದರೆ ನಮ್ಮ ಅಡಿಗೆಮನೆಯಲ್ಲಿ ಕೇಳಿಸುತ್ತಿತ್ತು.

ಡಾಡ್ ಲೇಡ್ಲಾ ನಗುತ್ತಾ ಬಂದ. ಇದೂ ತನ್ನ ಅದೃಷ್ಟವೇ ಎಂದು ಅವನೆಣಿಸಿದ್ದ. ಎಲ್ಲರೂ ವಾಟ್‌ನ ಮೇಲೆ ಬಿದ್ದಿರುವಾಗ ನಾನು ಆರಾಮವಾಗಿ ತೊರೆ ದಾಟಬಹುದಲ್ಲ. ನನ್ನನ್ನು ಅಲ್ಲಿ ಕಂಡು ಅವನ ನಗು ನಿಂತಿತು.

"ಇಲ್ಲೇನು ಮಾಡ್ತಿದ್ದೀಯ? ಹೋಗು ಮಾರಾಯ್ತಿ, ಹೋಗು!"

"ಡಾಡ್, ಅವನು ಬಚ್ಚಿಡ್ತಾ ಇರಲಿಲ್ಲ. ಎದೆ. ಅವನ ಎದೆ. ಡಾಕ್ಟರು ಆಟ ಬೇಡ ಅಂದಿದ್ರು."

ಅವನು ನನ್ನ ಮುಖ ನೋಡಿದ. ಅವನಿಗೆ ಮಾತ್ರ ಅನುಮಾನಪಡಲು ಕಾರಣವಿರಲಿಲ್ಲ. ಚೆಂಡು ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ತಟ್ಟನೆ ತಿರುಗಿ ಗುಂಪಿನೊಳಗೆ ತೋಳು ಹಾಕಿ ಕೂಗಿದ. "ಬಿಡ್ರೋ! ಅವನ ಹತ್ರ ಇಲ್ಲ! ನಾನು ಹೇಳ್ತಿದೀನಿ, ಏಳ್ರೋ!"

ಕೆಳಪೇಟೆಯ ಒಂದಿಬ್ಬರು ತಲೆಯೆತ್ತಿದರು. ಮೇಲ್ಪೇಟೆಯವರು ಇನ್ನಷ್ಟು ಬಿಗಿಯಾದರು. ಎದುರಾಳಿಯ ಮುಂದಾಳು ಬಿಡಿ ಎಂದರೆ ಬಿಡುವವರು ಯಾರು? ವಾಟ್‌ನನ್ನು ಕಾಯಲು ಬಂದವರೇ ಅವನ ಮೇಲೆ ಮಲಗಿದ್ದರು. ಹಿಂದಿನವರಿಗಂತೂ ಏನೂ ಕೇಳಿಸುತ್ತಿರಲಿಲ್ಲ, ಅವರು ತಳ್ಳುತ್ತಲೇ ಇದ್ದರು.

"ಮಾತು ಒಳಗೆ ಹೋಗ್ತಿಲ್ಲ," ಎಂದ ಡಾಡ್. ಅವನ ಕಣ್ಣು ನನ್ನ ಕೋಟಿನ ಮೇಲೆ ನಿಂತಿತು.

ನನಗೂ ಅದೇ ಹೊಳೆದಿತ್ತು. ಆ ಜನರನ್ನು ಅಲ್ಲಿಂದ ಎಬ್ಬಿಸಬಲ್ಲ ವಸ್ತು ಊರಿನಲ್ಲಿ ಒಂದೇ ಇತ್ತು. ಆದರೆ ಅದನ್ನು ಅಲ್ಲೇ ಹೊರತೆಗೆದರೆ ನೂರು ಜನ ಅಲ್ಲೇ ನನ್ನ ಮೇಲೆ ಬೀಳುತ್ತಾರೆ, ವಾಟ್ ಅದೇ ಕಾಲುಗಳ ಕೆಳಗಿರುತ್ತಾನೆ. ದೂರ ಹೋಗಬೇಕು. ಎಲ್ಲರಿಗೂ ಕಾಣಿಸುವಂತೆ ಎತ್ತಿ ಹಿಡಿದು, ಅವನಿಗೆ ಬೆನ್ನು ಹಾಕಿ ಓಡಬೇಕು. ಬೆಳಗ್ಗಿನಿಂದ ಅವನ ಮೇಲಿಂದ ಕಣ್ಣು ತೆಗೆಯದವಳು ನಾನು.

ಜೇಬಿನಿಂದ ಕೆಂಪು ಬಾಟಲಿ ತೆಗೆದು ಡಾಡ್‌ನ ಕೈಗಿಟ್ಟೆ.

"ನಾಲಿಗೆಯ ಕೆಳಗೆ. ನಾಲಿಗೆ ಎತ್ತಿಸಿ ಕೆಳಗೆ ಹೊಡಿ. ಕೂರಿಸಿ ಹೊಡಿ, ನಿಲ್ಲಿಸಬೇಡ. ಕಡಿಮೆ ಆಗದಿದ್ದರೆ ಇನ್ನೊಂದು ಸಲ. ಆಂಬುಲೆನ್ಸಿಗೆ ಫೋನ್ ಮಾಡು."

"ನಾಲಿಗೆ ಕೆಳಗೆ," ಎಂದ ಅವನು. ರಕ್ತ ಮೆತ್ತಿದ ಅವನ ದೊಡ್ಡ ಕೈಯಲ್ಲಿ ಅದು ಗೊಂಬೆಯ ಸಾಮಾನಿನಂತೆ ಕಂಡಿತು. "ಚರ್ಮಗಾರರ ಓಣಿ ಹಿಡಿ ರೋನಾ. ಹೊಳೆ ಕಡೆಗೆ. ರಿಬ್ಬನ್ ಹಿಡಿದು ಮೇಲೆತ್ತು, ಕಾಣಿಸಲಿ ಎಲ್ಲರಿಗೂ. ಬೀಳಬೇಡ."

ಗುಂಡಿ ಬಿಚ್ಚಲು ಬರಲಿಲ್ಲ. ಬೆರಳುಗಳು ಮರಗಟ್ಟಿದ್ದವು. ಎಳೆದೆ, ಎರಡು ಗುಂಡಿ ಕಿತ್ತು ಕಲ್ಲಿನ ಮೇಲೆ ಉರುಳಿದವು. ಓಣಿಯ ಬಾಯಿಗೆ ಓಡಿ ನಿಂತು ರಿಬ್ಬನ್ ಹಿಡಿದು ಚೆಂಡನ್ನು ತಲೆಯ ಮೇಲಕ್ಕೆತ್ತಿದೆ.

"ಚೆಂಡು ಇಲ್ಲಿದೆ! ಇಲ್ಲಿ ನೋಡಿ!"

ಯಾರೂ ನೋಡಲಿಲ್ಲ. ಲೈಬ್ರರಿಯಲ್ಲಿ ದಿನವಿಡೀ ಪಿಸುಗುಟ್ಟುವ ಗಂಟಲು ನನ್ನದು. ಮತ್ತೆ ಕೂಗಿದೆ, ಏನು ಕೂಗಿದೆನೋ ತಿಳಿಯದು, ಬೈದಿರಲೂಬಹುದು. ಆಗ ನೆಟ್ಟಿ ನನ್ನನ್ನು ಕಂಡಳು. ಬೀದಿಯ ಆಚೆ ಬ್ಯಾಂಕಿನ ಮೆಟ್ಟಿಲ ಮೇಲೆ ಅವಳ ಬಾಯಿ ತೆರೆದೇ ಉಳಿಯಿತು.

"ಲೈಬ್ರರಿಯಮ್ಮನ ಹತ್ರ ಇದೆ! ಕಳ್ಳಿ! ಅವಳ ಹತ್ರ ಇದೆ, ಹಿಡೀರೋ!"

ಅವಳ ದನಿ ವಾಟ್‌ನ ದನಿಗೆ ಅಕ್ಕನೇ. ಮುದ್ದೆಯ ಅಂಚಿನಲ್ಲಿ ತಲೆಗಳು ತಿರುಗಿದವು. ಅಂಚಿನಿಂದ ಅದು ಒಳಕ್ಕೆ ಹೋಯಿತು. ಬೆನ್ನುಗಳು ಒಂದೊಂದಾಗಿ ಎದ್ದು ಮುಖಗಳಾದವು. ಅಷ್ಟು ನೋಡಿ ನಾನು ತಿರುಗಿ ಓಡಿದೆ.

ಓಣಿ ಕಿರಿದು, ಕಲ್ಲುಗಳ ಮೇಲೆ ಹಸಿರು ಪಾಚಿ. ಹಿಂದೆ ಬೂಟುಗಳ ಸದ್ದು ಎರಡೂ ಗೋಡೆಗಳಿಗೆ ಬಡಿದು ಮುಂದಿನಿಂದಲೇ ಬರುತ್ತಿದೆ ಎನ್ನಿಸುತ್ತಿತ್ತು. ಬರಲಿ, ಎಲ್ಲರೂ ಬರಲಿ ಎಂದುಕೊಂಡೆ. ಒಬ್ಬನೂ ಅಲ್ಲಿ ಉಳಿಯದಿರಲಿ. ಮರುಕ್ಷಣವೇ, ಒಬ್ಬನಾದರೂ ಉಳಿಯಲಿ, ಡಾಡ್ ಉಳಿಯಲಿ, ಅವನನ್ನೂ ಈ ನೂಕು ಎಳೆದುಕೊಂಡು ಬಂದಿದ್ದರೆ ಎಂದು ಹೆದರಿಕೆಯಾಯಿತು. ತಿರುಗಿ ನೋಡುವಂತಿರಲಿಲ್ಲ. ಓಣಿಯ ತುದಿಯಲ್ಲಿ ಕಾಲು ಜಾರಿತು, ಮೊಣಕಾಲು ಕಲ್ಲಿಗೆ ಹೊಡೆಯಿತು. ಎದ್ದು, ಮೋಟುಗೋಡೆಯ ಮೇಲಿಂದ ಚೆಂಡನ್ನು ಬೀಸಿ ಹೊಳೆಗೆ ಎಸೆದೆ. ದೂರವೇನೂ ಹೋಗಲಿಲ್ಲ. ಕೆಂಪು, ಹಸಿರು ರಿಬ್ಬನ್‌ಗಳು ನೀರಿನ ಮೇಲೆ ಒಮ್ಮೆ ಹರಡಿಕೊಂಡು ಸೆಳವಿಗೆ ಸಿಕ್ಕವು.

ನಾನು ಗೋಡೆಯ ಮೂಲೆಗೆ ಮುಖ ಒತ್ತಿ ನಿಂತೆ. ಅವರು ನನ್ನನ್ನು ದಾಟಿ, ಮೋಟುಗೋಡೆ ಹಾರಿ, ಫೆಬ್ರವರಿಯ ಆ ನೀರಿಗೆ ಬಟ್ಟೆಬರೆ ಸಮೇತ ಧುಮುಕಿದರು. ಬೆವರು, ಬಿಯರು, ಒದ್ದೆ ಉಣ್ಣೆಯ ವಾಸನೆ ಬಹಳ ಹೊತ್ತು ಬೆನ್ನ ಹಿಂದೆ ಹಾದುಹೋಯಿತು. ಯಾರೋ ಒಬ್ಬ ಓಡುತ್ತಲೇ ನನ್ನ ಬೆನ್ನು ತಟ್ಟಿ, "ಭಲೇ ಆಂಟಿ!" ಎಂದ.

ಓಣಿ ಖಾಲಿಯಾದ ಮೇಲೆ ಮತ್ತೆ ಮೇಲಕ್ಕೆ. ಮೊಣಕಾಲು ಮಡಚುತ್ತಿರಲಿಲ್ಲ, ಗೋಡೆ ಹಿಡಿದು ಹತ್ತಿದೆ. ಬೀದಿಯಲ್ಲಿ ಗದ್ದಲವೇ ಇರಲಿಲ್ಲ. ಆ ನಿಶ್ಶಬ್ದ ನನಗೆ ಹಿಡಿಸಲಿಲ್ಲ.

ಔಷಧಿ ಅಂಗಡಿಯ ಪಕ್ಕದ ಬಾಗಿಲಿಗೆ ವಾಟ್‌ನನ್ನು ಒರಗಿಸಿ ಕೂರಿಸಿದ್ದರು. ಕಾಲುಗಳು ನೇರ ಚಾಚಿದ್ದವು, ಒಂದು ಬೂಟು ಇರಲಿಲ್ಲ. ಡಾಡ್ ಮೊಣಕಾಲೂರಿ ಅವನ ಗದ್ದ ಹಿಡಿದುಕೊಂಡಿದ್ದ. ಟ್ಯಾಮ್ ಹಿಸ್ಲಪ್ ತನ್ನ ಜಾಕೆಟ್ ಬಿಚ್ಚಿ ವಾಟ್‌ನ ಮೇಲೆ ಹೊದಿಸಿ, ಬನಿಯನ್ನಿನಲ್ಲಿ ನಡುಗುತ್ತಾ ಫೋನಿನಲ್ಲಿ ಮಾತಾಡುತ್ತಿದ್ದ. "ಇಲ್ಲ, ಸೇತುವೆ ಕಡೆಯಿಂದ ಬೇಡ, ಅಲ್ಲಿ ಜನ. ಬೆಟ್ಟದ ರಸ್ತೆಯಿಂದ ಬನ್ನಿ. ಹೌದು. ಉಸಿರಾಡ್ತಿದಾರೆ. ಹೌದು, ಎಚ್ಚರ ಇದೆ. ಇದೆ ಅನ್ಸುತ್ತೆ."

ವಾಟ್‌ನ ಮುಖ ಅವನು ಗೋಡೆ ಕಟ್ಟುವ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ತುಟಿಯ ಸುತ್ತ ನೀಲಿ. ಅವನ ಪಕ್ಕ ಕುಳಿತು ಕೈ ಹಿಡಿದೆ. ತಣ್ಣಗೆ, ಜಿಗುಟಾಗಿತ್ತು.

"ಎರಡು ಸಲ ಹೊಡ್ದೆ," ಎಂದ ಡಾಡ್ ತಗ್ಗಿದ ದನಿಯಲ್ಲಿ. "ಸರಿಯಾಗಿ ಹೊಡ್ದೆನೋ ಇಲ್ವೋ ಗೊತ್ತಿಲ್ಲ. ನಾಲಿಗೆ ಎತ್ತಲೇ ಇಲ್ಲ ಕಣಮ್ಮ, ನಾನೇ ಎತ್ತಿ ಹಿಡಿದೆ."

"ಸರಿ ಮಾಡಿದ್ದೀಯ."

"ನನಗೆ ಗೊತ್ತಿದ್ರೆ ನಾನೇ ಅವನನ್ನ ಒಳಗೆ ಬಿಡ್ತಿರಲಿಲ್ಲ. ದೇವರಾಣೆ."

ನೆಟ್ಟಿ ಬಂದಳು. ನನ್ನನ್ನು ಬೈಯಲೆಂದೇ ಬಂದವಳು, ತಮ್ಮನನ್ನು ನೋಡಿ ನಿಂತಳು. ಅವಳ ಕೈಯಿಂದ ಫ್ಲಾಸ್ಕಿನ ಮುಚ್ಚಳ ಬಿದ್ದು ಇಳಿಜಾರಿನಲ್ಲಿ ಉರುಳುತ್ತಾ ಹೋಯಿತು. ಯಾರೂ ಅದನ್ನು ಹಿಡಿಯಲಿಲ್ಲ.

ಕಾದೆವು. ವಾಟ್ ಉಸಿರೆಳೆದುಕೊಳ್ಳುವುದನ್ನೇ ನೋಡುತ್ತಿದ್ದೆ.  ಕೆಳಗೆ ಎಲ್ಲೋ ದೊಡ್ಡ ಕೇಕೆ ಎದ್ದು ಬಹಳ ಹೊತ್ತು ನಿಲ್ಲದೆ ನಡೆಯಿತು. ಆಟ ಮುಗಿದಿತ್ತು. ಡಾಡ್ ಆ ಕಡೆ ತಲೆ ಎತ್ತಲಿಲ್ಲ.

ಆಂಬುಲೆನ್ಸ್ ಬೆಟ್ಟದ ಕಡೆಯಿಂದ ಬಂತು. ಹಸಿರು ಬಟ್ಟೆಯ ಹೆಂಗಸೊಬ್ಬಳು ವಾಟ್‌ನ ಅಂಗಿ ಕತ್ತರಿಸಿ ತಂತಿಗಳನ್ನು ಅಂಟಿಸಿದಳು, ಯಂತ್ರದಿಂದ ಬಂದ ಕಾಗದವನ್ನು ನೋಡಿದಳು. ನೋಡಿದ್ದೇ ಕೆಲಸವನ್ನೆಲ್ಲ ಬೇಗಬೇಗ ಮಾಡತೊಡಗಿದಳು. ಅದರಿಂದಲೇ ನನಗೆ ಅರ್ಥವಾಯಿತು. ಮಾತ್ರೆ ಅಗಿಸಿದರು, ಕೈಗೆ ಸೂಜಿ ಹಾಕಿದರು, ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿದರು. ಡಾಡ್, ಟ್ಯಾಮ್ ಸೇರಿ ಸ್ಟ್ರೆಚರ್ ಎತ್ತಿದರು. ನಾನು ಹಿಂದೆ ಹತ್ತಿದೆ.

"ಹೃದಯಾಘಾತ," ಎಂದಳು ಅವಳು, ಬಾಗಿಲು ಮುಚ್ಚಿಕೊಂಡ ಮೇಲೆ. "ಆಸ್ಪತ್ರೇಲಿ ತಯಾರಾಗಿ ಕಾಯ್ತಿದಾರೆ. ಅಲ್ಲಿವರೆಗೆ ಇವರು ಎಚ್ಚರವಾಗಿದ್ದರೆ ಹೇಗಿದಾರೆ ಅಂತ ನನಗೆ ಗೊತ್ತಾಗ್ತಾ ಇರುತ್ತೆ. ಮಾತಾಡಿಸ್ತಾ ಇರಿ. ಏನಾದ್ರೂ ಸರಿ. ಉದ್ವೇಗ ಮಾತ್ರ ಆಗಬಾರದು."

ಗಾಡಿ ಬೆಟ್ಟದ ದಾರಿ ಹಿಡಿಯಿತು. ನಾನು ವಾಟ್‌ನ ಕಿವಿಯ ಹತ್ತಿರ ಬಾಗಿ, ಮನೆಯ ಮಾತು ತೆಗೆದೆ. ನಾಯಿಗೆ ಸಂಜೆ ನೆಟ್ಟಿ ಊಟ ಹಾಕುತ್ತಾಳೆ ಎಂದೆ. ಅವನು ಕಣ್ಣು ತೆರೆಯಲಿಲ್ಲ. ನಿನ್ನ ಬೂಟು ಸಿಗುತ್ತದೆ ಎಂದೆ. ರೆಪ್ಪೆ ಕೂಡ ಅಲುಗಲಿಲ್ಲ. ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಹಸಿರು ಬಟ್ಟೆಯವಳು ಅವನ ಮುಖ ನೋಡಿ, ನನ್ನ ಮುಖ ನೋಡಿದಳು.

"ವಾಟ್," ಎಂದೆ. "ಚೆಂಡು ನನ್ನ ಹತ್ರ ಇತ್ತು."

ಕಣ್ಣು ತೆರೆಯಿತು.

"ಡಾಡ್ ಕೊಟ್ಟಿದ್ದ. ಕೋಟಿನೊಳಗೆ ಇಟ್ಕೊಂಡು ತೊರೆ ಹತ್ರ ಹೋಗ್ತಿದ್ದೆ. ಆಟ ಬೇಗ ಮುಗೀಲಿ ಅಂತ."

ಅವನು ತುಟಿ ಒದ್ದೆ ಮಾಡಿಕೊಂಡ. ಮಾಸ್ಕಿನೊಳಗಿಂದ ದನಿ ಬಹಳ ದೂರದಿಂದ ಬಂದಂತೆ ಬಂತು. "ಆಮೇಲೆ?"

"ಹೊಳೆಗೆ ಎಸೆದೆ."

"ಹೊಳೆಗೆ." ಅವನು ಉಸಿರೆಳೆದುಕೊಂಡ. "ಹೊಳೆ ಯಾವ ಕಡೆಗೆ ಹರಿಯುತ್ತೆ ಅಂತ ಗೊತ್ತಿಲ್ವೇನೆ ನಿನಗೆ? ಕೆಳಪೇಟೆಗೆ. ಮೇಲಕ್ಕೆ ಎಸೀಬಾರದಾಗಿತ್ತಾ?"

"ಮೇಲೆ ನೀನಿದ್ದೆ."

ಅವನ ರೆಪ್ಪೆಗಳು ಮತ್ತೆ ಇಳಿಯತೊಡಗಿದವು. ಕಿಟಕಿಯಾಚೆ ಗುಡ್ಡಗಳು ಕಪ್ಪಾಗುತ್ತಿದ್ದವು, ಆಸ್ಪತ್ರೆಗೆ ಇನ್ನೂ ಬಹಳ ದಾರಿಯಿತ್ತು. ಅವನಿಗೆ ಸಿಟ್ಟು ಬರಬೇಕು, ಆದರೆ ಹೆಚ್ಚು ಬರಬಾರದು. ಅಷ್ಟು ಅಳತೆಯ ಮಾತು ಯಾವುದಿದೆ ಎಂದು ನಾನು ತಡಕಾಡುತ್ತಿದ್ದೆ.

"ಡಾಡ್ ಹೇಳಿದ," ಎಂದೆ ನಿಧಾನವಾಗಿ, "ನಿನ್ನ ತಳ್ಳು ಈ ವರ್ಷ ಹೆಂಗಸರ ತಳ್ಳಿನ ಹಾಗಿತ್ತಂತೆ."

ಕಣ್ಣು ತೆರೆಯಿತು.

"ಡಾಡ್ ಹಾಗಂದನಾ?"

"ಅಂದ."

"ಸುಳ್ಳ ಅವನು. ಅವನ ತುಟಿ ನೋಡಿದೆಯಾ? ಒಡೆದಿದ್ದು ಯಾರು ಕೇಳು."

"ಯಾರು?" ಎಂದೆ, ಅವನ ಕೈಯನ್ನು ಬಿಗಿಯಾಗಿ ಹಿಡಿದು. "ಹೇಳು, ಯಾರು? ಮೊದಲಿಂದ ಹೇಳು. ಮೆಟ್ಟಿಲು ಇಳಿದ್ಯಲ್ಲ, ಅಲ್ಲಿಂದ."